ಕುರಿ ಎಣಿಸದ ಹುಡುಗಿಯ ಪರವಾಗಿ

ಶಿಕ್ಷಣ ಸುಧಾರಣಾ ತಜ್ಞರ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಒಂದು ಮಾತಿನಿಂದ ನನ್ನ ಮೂರನೇ ತರಗತಿಯ ಕೀರ್ತನಾ ಶಾಲೆ ಬಿಡುವಂತಾಗಿದೆ. ಅದೇ ನನ್ನ ದೂರು. ಜೊತೆಗೆ, ಮುಚ್ಚಿಡುವುದೇಕೆ, ನಿಮ್ಮನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು.

ಇಡೀ ದೇಶದ ಪಾಠಕ್ರಮ ತಿದ್ದುವ ಮುನ್ನ ಹಳ್ಳಿ ಶಾಲೆ ನೋಡಬೇಕೆಂದು ಕಾನಹೊಸಹಳ್ಳಿ ಹೋಬಳಿಯ ನಮ್ಮಲ್ಲಿಗೆ ಬಂದಿರಿ. ನಾನು ವರ್ಷಗಟ್ಟಲೆ ಅಂಗಲಾಚಿದರೂ ಬಾರದ ಕುರ್ಚಿ, ಫ್ಯಾನುಗಳು ನಿಮ್ಮ ಹಿಂದೆಯೇ ಓಡಿ ಬಂದವು. ನಾನು ಕರೆದರೆ ಪುರುಸೊತ್ತಿಲ್ಲ ಎನ್ನುವ ತಂದೆತಾಯಂದಿರು ಮಡಿಬಟ್ಟೆ ಉಟ್ಟು ಕೂತರು. 'ಮಕ್ಕಳು ತಮ್ಮ ಪರಿಸರದಿಂದಲೇ ಕಲಿಯಬೇಕು' ಎಂದಿರಿ, ಚಪ್ಪಾಳೆ ಬಿತ್ತು. ಅದನ್ನೇ ನಾನು ಹೇಳಿದಾಗ ಆಕಳಿಸಿದವರೂ ತಟ್ಟಿದರು. ಉರಿಯದೆ ಇರುತ್ತದೆಯೇ, ಸ್ವಾಮಿ?

ಆಮೇಲೆ ಕೀರ್ತನಾಳನ್ನು ಎಬ್ಬಿಸಿ, ಹೊರಗೆ ಮೇಯುತ್ತಿದ್ದ ಅವಳಪ್ಪನ ಕುರಿಗಳನ್ನು ತೋರಿಸಿ, ಎಣಿಸು ಎಂದಿರಿ. ಅವಳು ತಲೆ ತಗ್ಗಿಸಿ ನಿಂತಳು. 'ಈ ಮಗುವಿಗೆ ಎಣಿಕೆಯ ಕಲ್ಪನೆಯೇ ಇಲ್ಲ' ಎಂದು ಎಲ್ಲರೆದುರು ತೀರ್ಪು ಕೊಟ್ಟಿರಿ. ಹಾಗಲ್ಲ, ಅವಳು ಜಾಣೆ ಎಂದು ಹೇಳಲು ಎದ್ದ ನನ್ನನ್ನು ನಿಮ್ಮ ಸಹಾಯಕರು ಕೈಸನ್ನೆಯಲ್ಲೇ ಕೂರಿಸಿದರು. ಕಾರು ಹೋದ ಮೇಲೆ ಹುಡುಗಿ ಅಳುತ್ತ, "ಕುರಿ ಎಣಿಸಬಾರದ್ರಿ ಮೇಡಂ, ದೃಷ್ಟಿ ಆಗತೈತಿ" ಎಂದಳು. ಹುಣಸೆ ಬೀಜ ಕೊಟ್ಟಿದ್ದರೆ ಸಂಜೆಯವರೆಗೂ ಎಣಿಸುತ್ತಿದ್ದಳು.

ಅವಳಪ್ಪ ಮೈಲಪ್ಪ ಶಾಲೆ ಬಿಡಿಸಲು ಬಂದ. ಸಾಹೇಬರಿಗೆ ಕುರಿಗಾರರ ಪದ್ಧತಿ ತಿಳಿಯದು, ಮಗಳು ಚುರುಕಾಗಿದ್ದಾಳೆ ಎಂದೆ. ಅವನು ನಕ್ಕ.

"ಏನ್ರಿ ಮೇಡಂ, ಕುರಿ ಎಣಿಸಬಾರದು ಅನ್ನೋದು ಅಷ್ಟು ಓದಿದೋರಿಗೆ ಗೊತ್ತಿರಂಗಿಲ್ಲೇನ್ರಿ? ಈಕಿ ತಲ್ಯಾಗ ಬ್ಯಾರೆ ಏನೋ ಕೊರತಿ ಕಂಡಿರಬೇಕು. ಮುಂದಿನ ವಾರ ಕುರಿ ಹೊಡಕೊಂಡು ಮೇವು ಹುಡುಕ್ಕೊಂಡು ಹೊಂಟೀವಿ, ಈಕಿನೂ ಬರ್ತಾಳ."

ಅಕ್ಷರ ತಿದ್ದಿಸಿದವಳು ನಾನು, ಮೂಗು ಒರೆಸಿದವಳು ನಾನು. ಅವಳು ಜಾಣೆ ಎಂದು ದಿನವೂ ಹೇಳಿದವಳೂ ನಾನೇ. ನೀವು ಬಂದದ್ದು ಒಂದೇ ಮಧ್ಯಾಹ್ನ, ನಂಬಿಕೆಯೆಲ್ಲ ನಿಮ್ಮ ಪಾಲಿಗೆ! ಆ ಹುಡುಗಿಯೂ "ಸಾರ್ ಮತ್ತ ಯಾವಾಗ ಬರ್ತಾರ್ರಿ?" ಎಂದು ನನ್ನನ್ನೇ ಕೇಳುತ್ತಾಳೆ.

ನಿಮ್ಮ ಸಮಿತಿಯಲ್ಲಿ ನನಗೆ ಕುರ್ಚಿ ಬೇಡ. ಕೊಟ್ಟರೆ ಬೇಡವೆನ್ನಲಾರೆ, ಅದು ಬೇರೆ ಮಾತು. ಮಂದೆ ಹೊರಡುವ ಮುನ್ನ ಮೈಲಪ್ಪನಿಗೆ ಒಂದು ಫೋನು ಮಾಡಿ. 'ಕುರಿ ಎಣಿಸಬಾರದೆಂದು ನನಗೆ ಗೊತ್ತಿರಲಿಲ್ಲ' ಎಂದು ನಿಮ್ಮ ಬಾಯಿಂದಲೇ ಹೇಳಿ. ನಿಮಗೆ ಗೊತ್ತಿಲ್ಲವೆಂದು ನಾನು ಹೇಳಿದರೆ ಅವನು ನಂಬುವುದಿಲ್ಲ. ನೀವು ಹೇಳಿದರೆ ಅದನ್ನೂ ನಂಬುತ್ತಾನೆ.

ಇಂತಿ,
ನಿಮ್ಮ ಮಾತಿಗಿರುವ ಬೆಲೆಗೆ ಕರುಬುತ್ತಲೇ ಇರುವ
ಸೌಭಾಗ್ಯ, ಶಾಲಾ ಶಿಕ್ಷಕಿ
ಕೂಡ್ಲಿಗಿ ತಾಲ್ಲೂಕು