ಜೇಡಿಯ ಕೆಳಗಿನ ನೀರು

ಗಂಗೊಳ್ಳಿ,
ಬುಧವಾರ ಬೆಳಿಗ್ಗೆ

ತಮ್ಮ ಸಚಿನನಿಗೆ,

ಎರಡು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ನೆರೆಮನೆಯ ಬಚ್ಚಣ್ಣ ಇವತ್ತಿನ ರೈಲಿಗೆ ಮುಂಬೈಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ.

ಹೊಳೆಬದಿಯ ಗದ್ದೆಯ ಮಣ್ಣು ಇಟ್ಟಿಗೆಗೆ ಆಗುತ್ತದೆಯೇ ನೋಡು ಎಂದು ನೀನೇ ಹೇಳಿದ್ದೆ. ಇಪ್ಪತ್ತು ವರ್ಷ ಇಟ್ಟಿಗೆ ಭಟ್ಟಿಯಲ್ಲಿ ದುಡಿದವಳು ನಾನು. ಮಣ್ಣನ್ನು ಹೊಸೆದು ನೋಡಿದೆ, ನಾಲ್ಕು ಇಟ್ಟಿಗೆ ಸುಟ್ಟೂ ನೋಡಿದೆ. ಒಂದರಲ್ಲೂ ಬಿರುಕಿರಲಿಲ್ಲ. ಒಳ್ಳೆಯ ಮಣ್ಣು ಎಂದು ನಿನಗೂ ಮಣ್ಣು ಕೊಳ್ಳಲು ಬಂದ ಕಂಟ್ರಾಕ್ಟರಿಗೂ ಹೇಳಿದೆ. ಅದರ ಕೆಳಗೆ ಏನಿದೆ ಎಂದು ಮಾತ್ರ ನೋಡಲಿಲ್ಲ.

ಸೋಮವಾರ ಕಂಟ್ರಾಕ್ಟರ್ ಪರೀಕ್ಷೆಗೆಂದು ಗುಂಡಿ ತೋಡಿಸಿದ. ಒಂಬತ್ತು ಅಡಿಗೆ ಜೇಡಿ ಮುಗಿದು ಮರಳು ಬಂತು, ಮರಳಿನಿಂದ, ಕಡಲಿನ ಉಬ್ಬರ ಏರುವ ಹೊಳೆಯ ಉಪ್ಪುನೀರು ಉಕ್ಕಿತು. ನಿನ್ನೆ ಬಚ್ಚಣ್ಣನ ಹೆಂಡತಿ ಜಲಜ ಗದ್ದೆಯ ಪಕ್ಕದ ಬಾವಿಕಟ್ಟೆಯಿಂದ ಕೂಗಿದಳು: “ಹ್ವಾಯ್ ಅಪ್ಪಿಯಕ್ಕ, ನೀರ್ ಉಪ್ಪಾಯ್ತ್ ಕಾಣಿ!”

ಏಳು ಮನೆಗೆ ಅದೊಂದೇ ಬಾವಿ. ಇಷ್ಟು ವರ್ಷ ಹೊಳೆಯ ಉಪ್ಪನ್ನು ತಡೆದು ನಿಂತದ್ದು ಆ ಜೇಡಿಯೇ.

ಹೆಂಗಸರೆಲ್ಲ ಸೇರಿ ಗುಂಡಿಗೆ ಜೇಡಿ ತುಂಬಿ, ಕತ್ತಲಾಗುವವರೆಗೆ ತುಳಿದೆವು. ಕಂಟ್ರಾಕ್ಟರ್ ನಕ್ಕುಬಿಟ್ಟ. “ಮಣ್ಣ್ ಲಾಯ್ಕಿತ್ತ್ ಅಂದದ್ದ್ ನೀವೇ ಅಲ್ದಾ? ಶುಕ್ರವಾರ ಜೆಸಿಬಿ ಬತ್ತ್” ಎಂದ.

ಗದ್ದೆ ನಿನ್ನ ಹೆಸರಿನಲ್ಲಿದೆ. ನೀನು ಬೇಡ ಎಂದರೆ ಮಾತ್ರ ಅಗೆತ ನಿಲ್ಲುತ್ತದೆ. ತಪ್ಪು ನನ್ನದು, ಎಷ್ಟು ಬೇಕಾದರೂ ಬೈಯಿ. ಆದರೆ ನಾಳೆ ಈ ಪತ್ರ ಸಿಕ್ಕ ಕೂಡಲೇ ಹೇಳು.

ಬಚ್ಚಣ್ಣನ ಚೀಲದಲ್ಲಿ ಒಂದು ಬಾಟ್ಲಿ ಬಾವಿನೀರು ಕಳಿಸಿದ್ದೇನೆ. ಒಂದು ಗುಟುಕು ಕುಡಿದು, ಆಮೇಲೆ ಕಂಟ್ರಾಕ್ಟರಿಗೆ ಫೋನ್ ಮಾಡು.

ನಿನ್ನ ಅಕ್ಕ,
ಅಪ್ಪಿ