ಬೀಳ್ಕೊಡುಗೆಯ ಚಹಾ

ಹಿಂಬದಿಯ ಕೋಣೆ,
ಭಾನುವಾರ, ಮೇ 12

ಪ್ರೀತಿಯ ಅಕ್ಕಾ,

ಅಮ್ಮನ ಕಾಲು ಹೇಗಿದೆ? ಕೋಲು ಹಿಡಿದು ನಡೆಯುತ್ತಾಳೋ, ಇನ್ನೂ ನಿನ್ನ ಹೆಗಲೇ ಬೇಕೋ? ಪಾಪುವಿನ ಹಟ ಕಡಿಮೆಯಾಯಿತೇ? ಅಮ್ಮನನ್ನು ನೋಡಿಕೊಳ್ಳುವ ಭರದಲ್ಲಿ ನಿನ್ನ ಊಟ ಮರೆಯಬೇಡ. ಇಲ್ಲಿ ನಿನ್ನ ಅತ್ತೆ ಆರಾಮಾಗಿದ್ದಾರೆ. ಬೆಕ್ಕು ಪಕ್ಕದ ಮನೆಯಲ್ಲಿ ಮರಿ ಹಾಕಿತೆಂದು ಅವರಿಗೆ ಸಿಟ್ಟು. "ಉಂಡ ಮನೆಗೇ ಎರಡು ಬಗೀತಲ್ಲ ಈ ಮುಂಡೇದು" ಎಂದು ಬಯ್ಯುತ್ತಾರೆ, ಆಮೇಲೆ ತಾವೇ ಹಾಲು ಒಯ್ದು ಇಟ್ಟು ಬರುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ.

ನನ್ನ ಕೆಲಸದ ವಿಷಯ ಕೇಳಿದ್ದೀಯ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕರಾರು ಮುಗಿದಾಗಲೆಲ್ಲ ಬೀಳ್ಕೊಡುಗೆ ಮಾಡುತ್ತಿದ್ದದ್ದು ನಿನಗೆ ಗೊತ್ತಲ್ಲ. ಇಸ್ತ್ರಿ ಮೇಜು ಖಾಲಿ ಮಾಡಿ ಚಹಾ, ಬಿಸ್ಕತ್ತು, ಒಂದು ಫೋಟೋ. ವಾರ ಮನೆಯಲ್ಲಿ ಕೂತರೆ ಮತ್ತೆ ಕರೆದು ಹೊಸ ಕರಾರಿಗೆ ಸಹಿ ಹಾಕಿಸುತ್ತಿದ್ದರು. ನಮಗೆ ಅದೊಂದು ತಮಾಷೆ. ನನ್ನ ಜೊತೆ ಚಾದರ ಮಡಚುವ ಎತ್ತರದವಳು, ನಾವೆಲ್ಲ ಉದ್ದಕ್ಕ ಅನ್ನುವವಳು, ಈ ಸಲವೂ ಕಾಲೆಳೆದಳು: "ಎಷ್ಟು ಸಲ ಹೋಗ್ತೀಯೇ? ಹೋದೋರು ಹೀಗೆ ವಾಪಸ್ ಬರ್ತಿದ್ರೆ ಚಹಾಕ್ಕೇನು ಮರ್ಯಾದೆ?" ಭಾವ ಮೇಲ್ವಿಚಾರಕರಾದ್ದರಿಂದ ಫೋಟೋ ತೆಗೆದದ್ದೂ ಅವರೇ. "ನಗು ಪುಟ್ಟೀ" ಎಂದರು. ನಕ್ಕೆ.

ಈ ಸಲ ಕರೆ ಬರಲಿಲ್ಲ. ನನ್ನ ಜಾಗದಲ್ಲಿ ಹೊಸ ಹುಡುಗಿಯೊಬ್ಬಳು ಚಾದರದ ಎರಡು ಮೂಲೆ ಹಿಡಿದು ನಿಂತಿದ್ದಾಳಂತೆ. ಒಂದು ದಿನ ಊಟಕ್ಕೆ ಕೂತಾಗ ಭಾವ ತಟ್ಟೆ ನೋಡುತ್ತಲೇ ಹೇಳಿದರು: "ಕೆಲಸವೇನೂ ಕಮ್ಮಿಯಾಗಿಲ್ಲ. ಇನ್ನೊಂದು ಸಲ ತಗೊಂಡ್ರೆ ನಿನ್ನನ್ನ ಕಾಯಂ ಮಾಡಬೇಕಾಗುತ್ತೆ, ಅದಕ್ಕೇ ಬೇಡ ಅಂದ್ರು ಮ್ಯಾನೇಜರ್. ನನ್ನೊಬ್ಬನ ಹತ್ರ ಅಂದಿದ್ದು. ಇದನ್ನ ಇಲ್ಲೇ ನುಂಗಿಬಿಡು."

ಉದ್ದಕ್ಕ ನನ್ನನ್ನು ಕಾರ್ಮಿಕ ಸಂಘದ ವಕೀಲಮ್ಮನ ಹತ್ತಿರ ಎಳೆದೊಯ್ದಳು. ಕರಾರು ತಾನಾಗಿ ಮುಗಿದರೂ ಅದು ಕೆಲಸದಿಂದ ತೆಗೆದ ಹಾಗೆಯೇ, ಅದಕ್ಕೆ ನ್ಯಾಯವಾದ ಕಾರಣ ಬೇಕು ಎಂದು ವಾದಿಸಬಹುದಂತೆ. ಆದರೆ ದೂರಿನ ಗಡುವು ಮುಗಿಯುತ್ತ ಬಂದಿತ್ತು. ವಕೀಲಮ್ಮ ಮೊದಲು ಮ್ಯಾನೇಜರಿಗೆ ಫೋನ್ ಮಾಡಿದರು. ಕೆಲಸ ಕಡಿಮೆಯಾಗಿದೆ, ಅವಳು ಖುಷಿಯಿಂದಲೇ ಹೋದಳು ಎಂದು ಅವನು ಆ ಫೋಟೋವನ್ನೇ ಕಳಿಸಿದ. ಅದರಲ್ಲಿ ನಾನು ಹಲ್ಲೆಲ್ಲ ಬಿಟ್ಟುಕೊಂಡು ನಿಂತಿದ್ದೇನೆ. ವಾರ ಬಿಟ್ಟು ಬರುವವಳು ಅಳುತ್ತ ನಿಲ್ಲುತ್ತಾಳೆಯೇ ಅಕ್ಕಾ? "ಕಾಯಂ ಮಾಡಬೇಕಾಗುತ್ತೆ ಅಂತ ಬಿಟ್ರು ಅಂತೀಯಲ್ಲ, ಯಾರು ಹೇಳಿದ್ದು? ಹೆಸರಿಲ್ಲದಿದ್ರೆ ಅದು ಗಾಳಿಮಾತು ಕಣಮ್ಮಾ" ಎಂದರು ವಕೀಲಮ್ಮ. ಆಮೇಲೆ ಹೇಳುತ್ತೇನೆ ಎಂದು ಎದ್ದು ಬಂದೆ.

ಭಾವನದೂ ಕರಾರಿನ ಕೆಲಸವೇ. ನೀವಿರುವ ಈ ಮನೆಯೂ ಆಸ್ಪತ್ರೆಯದು. ಹೇಳಿದರೆ ನಿಮ್ಮೆಲ್ಲರ ತಲೆಯ ಮೇಲಿನ ಸೂರಿಗೆ ಕುತ್ತು. ಹೇಳದಿದ್ದರೆ ಅಮ್ಮನ ಔಷಧಿಗೂ ನನ್ನ ಅನ್ನಕ್ಕೂ ಭಾವನ ಮುಂದೆಯೇ ಕೈ ಚಾಚಬೇಕು. ಅಡಕತ್ತರಿಯಲ್ಲಿ ಸಿಕ್ಕಿಬಿದ್ದಿದ್ದೇನೆ. ನಿನ್ನೆ ಸಂಜೆ ಭಾವ ನನಗೆ ಹೊಸ ಚಪ್ಪಲಿ ತಂದರು. "ಕೆಲಸ ಹುಡುಕ್ಕೊಂಡು ಸುತ್ತಬೇಕಲ್ಲ, ಹಳೇದು ಸವೆದಿದೆ" ಎಂದರು. ಅಳತೆ ಸರಿಯಾಗಿದೆ. ಕಾಲಿಗೆ ಹಾಕಿಕೊಳ್ಳಲು ಆಗುತ್ತಿಲ್ಲ.

ಅಮ್ಮನಿಗೆ ಈ ವಿಷಯ ಹೇಳಬೇಡ, ನನ್ನ ನಮಸ್ಕಾರ ಮಾತ್ರ ಹೇಳು. ಪಾಪುವಿನ ಎರಡೂ ಕೆನ್ನೆಗೆ ಮುತ್ತು.

ನಿನ್ನ ತಂಗಿ,
ಪುಟ್ಟಿ

ಇನ್ನೊಂದು ಮಾತು: ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಬೆಳಿಗ್ಗೆಯೇ ವಕೀಲಮ್ಮನ ಹತ್ತಿರ ಹೋಗಿ ಹೇಳಿಕೆ ಕೊಟ್ಟುಬಂದೆ. ಭಾವನ ಹೆಸರು ಹೇಳಿದ್ದೇನೆ. ನಾಳೆ ಅದು ಮ್ಯಾನೇಜರ್ ಕೈ ಸೇರುತ್ತದೆ. ಇವತ್ತು ಊಟದ ಹೊತ್ತಿಗೆ ನಾನೇ ಭಾವನಿಗೆ ಹೇಳಬೇಕು. ನೀನು ಅವರ ಪರವಾಗಿ ನಿಂತರೂ ನನ್ನನ್ನು ತಂಗಿಯಲ್ಲ ಅನ್ನಬೇಡ. ಈಗಷ್ಟೇ ಭಾವ ಬಾಗಿಲಲ್ಲಿ ಇಣುಕಿ, "ಅಷ್ಟುದ್ದ ಏನು ಬರೀತಿದ್ದೀಯೇ? ನಾನೂ ಚೆನ್ನಾಗಿದ್ದೀನಿ ಅಂತ ಸೇರಿಸು" ಎಂದು ಹೋದರು. ಸೇರಿಸಿದ್ದೇನೆ ಅಕ್ಕಾ. ಭಾವ ಚೆನ್ನಾಗಿದ್ದಾರೆ.