ಕಲಿಸಿದವರು ಯಾರು ಎಂದು ಕೇಳುತ್ತಾರೆ

ಶಾಲಿವಾಹನ ಶಕ ೨೧೪೬, ರಕ್ತಾಕ್ಷಿ ಸಂವತ್ಸರ,
ಕಾರ್ತಿಕ ಶುದ್ಧ ಏಕಾದಶಿ, ಸುಣಗಟ್ಟಿ

ಇನ್ನೂರು ವರ್ಷ ಹಿಂದಿನ ತಾಯಂದಿರಿಗೂ ಅಪ್ಪಂದಿರಿಗೂ ರುಕುಮವ್ವನ ನಮಸ್ಕಾರ.

ಇವತ್ತು ಉಪವಾಸ. ಬೆಳಗ್ಗೆ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ತುಳಸಿಗೆ ನೀರೆರೆದೆ. ಮಾಳಿಗೆ ಹತ್ತಿ ಬಿಸಿಲೆಲೆಗಳ ಮೇಲಿನ ಧೂಳು ಒರೆಸಿದೆ. ಬಿಸಿಲೆಲೆ ಅಂದರೆ ಬಿಸಿಲು ಕುಡಿದು ಕರೆಂಟು ಕೊಡುವ ಹಲಗೆ. ನಿಮ್ಮಲ್ಲೂ ಇತ್ತಂತೆ, ಹೆಸರು ಬೇರೆ ಇತ್ತಂತೆ. ವಿಠ್ಠಲನ ಮುಂದೆ ದೀಪ ಹಚ್ಚಿ, ಸಂಜೆಗೆಂದು ಒಂದು ಹಿಡಿ ಶೇಂಗಾ ನೆನೆಹಾಕಿ, ಈಗ ಬರೆಯಲು ಕೂತಿದ್ದೇನೆ. ಮೇಲಿನ ತಿಥಿ ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎನ್ನಬೇಡಿ. ನಾನು ಊರ ಶಾಲೆಯಲ್ಲಿ ಓದಿದವಳು. ನಿಮ್ಮ ಕಾಲದ ಕನ್ನಡದಲ್ಲಿ ಬರೆಯಲು ಪ್ರಯತ್ನಪಟ್ಟಿದ್ದೇನೆ. ಎಲ್ಲಾದರೂ ಮಾತು ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದಕ್ಕೆ ನಾವು ಹಿಂದೋಲೆ ಅನ್ನುತ್ತೇವೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಪೇಟೆಯ ಅಂಚೆಕಟ್ಟೆಯಲ್ಲಿ ಕೊಟ್ಟರೆ ಹೋಗುತ್ತದೆ. ಯಾರ ಕೈಗೆ ಸೇರುತ್ತದೆ ಎಂದು ಹೇಳಲಾಗುವುದಿಲ್ಲ. ಅತ್ತ ಕಡೆಯಿಂದ ಹೀಗೆ ಬರುವ ದಾರಿಯೂ ಇಲ್ಲ. ಜನ ಹೆಚ್ಚಾಗಿ ಮುತ್ತಜ್ಜಿಯರಿಗೆ ಕ್ಷೇಮ ಸಮಾಚಾರ ಬರೆಯುತ್ತಾರೆ. ನಾನು ಬರೆಯುತ್ತಿರುವುದು ನನ್ನ ಕೆಲಸದ ವಿಷಯಕ್ಕೆ.

ನಮ್ಮಲ್ಲಿ ಹನ್ನೆರಡು ವರ್ಷದ ತನಕ ಶಾಲೆ. ಅಕ್ಷರ, ಮಗ್ಗಿ, ಪ್ರಾರ್ಥನೆ. ಆಮೇಲೆ ಕಾಯಕಮಂಡಳಿಯವರು ಬಂದು ಯಾರಿಗೆ ಯಾವ ಕೆಲಸ ಎಂದು ಹಂಚಿ, ಒಬ್ಬೊಬ್ಬರಿಗೂ ಒಂದು ಕಿವಿಗುರು ಕೊಡುತ್ತಾರೆ. ಅದು ಜೋಳದ ಕಾಳಿನಷ್ಟು ಇರುವ ಯಂತ್ರ. ಕಿವಿಯೊಳಗೆ ಕೂತು, ನಮ್ಮ ಕಣ್ಣು ನೋಡಿದ್ದನ್ನು ತಾನೂ ನೋಡುತ್ತಾ, ಮುಂದೇನು ಮಾಡಬೇಕೆಂದು ಹೇಳುತ್ತಿರುತ್ತದೆ. ಕೀಲಿ ಎಡಕ್ಕೆ ತಿರುಗಿಸು, ಸಾಕು, ಈಗ ಮುಚ್ಚಳ ಎತ್ತು, ಹೀಗೆ. ಅದನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನನ್ನ ನೆಗೆಣ್ಣಿ ಸಂಗವ್ವ ಸೂಲಗಿತ್ತಿ. ಅವಳ ಕೈಯಲ್ಲಿ ಊರಿನ ಎಷ್ಟೋ ಮಕ್ಕಳು ಸುಸೂತ್ರವಾಗಿ ಹುಟ್ಟಿದ್ದು ಕಿವಿಗುರು ಹೇಳಿಕೊಟ್ಟಿದ್ದರಿಂದಲೇ. ಆದರೆ ಅದು ನಮಗೆ ಹಂಚಿದ ಕೆಲಸವನ್ನಷ್ಟೇ ಹೇಳುತ್ತದೆ. ಬೇರೆ ಕೇಳಿದರೆ, ಆ ಕೆಲಸ ನಿಮ್ಮದಲ್ಲ ಎಂದು ಸುಮ್ಮನಾಗುತ್ತದೆ.

ನನಗೆ ಹಂಚಿದ್ದು ನೀರುಮನೆ. ಊರಿಗೆ ನೀರೆತ್ತುವ ಪಂಪುಗಳಿರುವ ಜಾಗ. ಮೋಟರ್ ಸುಟ್ಟರೆ ಅದನ್ನು ಬಿಚ್ಚಿ, ಪೆಟ್ಟಿಗೆಗೆ ತುಂಬಿ, ದೂರದ ಕೇಂದ್ರಕ್ಕೆ ಕಳಿಸುವುದು ನನ್ನ ಪಾಲಿನದು. ಹೊಸದು ಬರುವ ತನಕ ಮೇಲಿನ ಓಣಿಯವರು ಕೊಡ ಹೊತ್ತುಕೊಂಡು ಇಳಿಯುತ್ತಾರೆ, ಹತ್ತುತ್ತಾರೆ. ನನ್ನ ಪ್ರಾಯವೆಲ್ಲ ಇದರಲ್ಲೇ ಹೋಯಿತು, ಬೇಸರವೇನೂ ಇರಲಿಲ್ಲ.

ಏಕಾದಶಿಯ ದಿನ ನಾನು ಮೌನ. ನಮ್ಮ ಅವ್ವ ಉಪವಾಸ ಬಾಯಿಗೆ ಮಾತ್ರ ಅಲ್ಲ, ಕಿವಿಗೂ ಮಾಡಬೇಕು ಎನ್ನುತ್ತಿದ್ದಳು. ಹಾಗಾಗಿ ಅವತ್ತು ಕಿವಿಗುರು ತೆಗೆದು ದೇವರ ಗೂಡಿನಲ್ಲಿಡುತ್ತೇನೆ. ವ್ರತದವರಿಗೆ ಮಂಡಳಿ ರಜೆ ಕೊಡುತ್ತದೆ. ಆದರೆ ಮನೆಯಲ್ಲಿ ಕೂತರೆ ಸಂಗವ್ವ ಒಗ್ಗರಣೆ ಹಾಕುತ್ತಾಳೆ, ವ್ರತವೆಲ್ಲ ಮೂಗಿನಲ್ಲೇ ಮುರಿಯುತ್ತದೆ. ಅದಕ್ಕೇ ನೀರುಮನೆಯ ಹಿಂದಿನ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದೆ. ಅಲ್ಲಿ ಕೇಂದ್ರದವರು ಬೇಡವೆಂದು ಬಿಟ್ಟ ಸುಟ್ಟ ಮೋಟರುಗಳು ಬಿದ್ದಿದ್ದವು. ಒಂದು ದಿನ ಸುಮ್ಮನೆ ಒಂದನ್ನು ಬಿಚ್ಚಿದೆ. ಒಳಗೆ ತಾಮ್ರದ ತಂತಿ ಸುತ್ತುಸುತ್ತಾಗಿ, ಕರಿಕಾಗಿ ಕೂತಿತ್ತು. ಎಲ್ಲವನ್ನೂ ಎಳೆದು ಎಳೆದು ಹೊರಗೆ ರಾಶಿ ಹಾಕಿದೆ. ಹಾಕಿ, ಕೈ ಕಟ್ಟಿ ಕೂತೆ.

ಯಾಕೆ ಕೂತೆ ಎಂದು ನನಗೇ ಆಮೇಲೆ ಹೊಳೆಯಿತು. ತಿರುಗಿ ಹೇಗೆ ಸುತ್ತಬೇಕು ಎಂದು ಯಾರಾದರೂ ಹೇಳುತ್ತಾರೆ ಅಂತ ಕಾಯುತ್ತಿದ್ದೆ. ಕಿವಿ ಖಾಲಿ. ನೀವು ಇಂಥ ತಪ್ಪು ಮಾಡಿರಲಿಕ್ಕಿಲ್ಲ. ಬಿಚ್ಚುವವರು ಮೊದಲು ಹೇಗಿತ್ತೆಂದು ನೋಡಿಟ್ಟುಕೊಳ್ಳುತ್ತಾರೆ. ನಮಗೆ ಆ ಅಭ್ಯಾಸವೇ ಇಲ್ಲ. ಬಿಚ್ಚಿದವರಿಗೆ ಜೋಡಿಸುವ ದಾರಿಯನ್ನು ಯಾವಾಗಲೂ ಕಿವಿಗುರು ಹೇಳಿದೆ, ನಾವು ಕಣ್ಣು ಬಿಟ್ಟುಕೊಂಡೇ ನೋಡದೆ ಬದುಕಿದ್ದೇವೆ. ಅವತ್ತು ಆ ತಾಮ್ರದ ರಾಶಿ ಮುಂದೆ ಕೂತು ಬಹಳ ಅವಮಾನ ಅನಿಸಿತು.

ಮುಂದಿನ ಏಕಾದಶಿಗೆ ಇನ್ನೊಂದು ಮೋಟರ್ ತೆಗೆದೆ. ಒಂದು ಸುತ್ತು ಬಿಚ್ಚುವ ಮೊದಲು ಇದ್ದಿಲಿನಿಂದ ಗೋಡೆಯ ಮೇಲೆ ಅದರ ಚಿತ್ರ ಬರೆದೆ: ಕಬ್ಬಿಣದ ಯಾವ ಸೀಳಿನಿಂದ ಹೊರಟು ಯಾವ ಸೀಳಿಗೆ ಇಳಿದಿದೆ, ಎಡಕ್ಕೋ ಬಲಕ್ಕೋ. ತಂತಿ ಸುತ್ತಲು ಬೇಕಾದ ಅಳತೆಯನ್ನು ಹಳೆಯ ಸುತ್ತಿನ ಮೇಲೇ ತೆಗೆದೆ. ಕಟ್ಟಿಗೆಯ ಅಚ್ಚು ಮಾಡಿಕೊಂಡೆ. ಮೊದಲು ಸುತ್ತಿದ್ದು ಕರೆಂಟು ಕೊಟ್ಟ ಕೂಡಲೇ ಹೊಗೆಯಾಡಿತು. ತಂತಿಯನ್ನು ತುರುಕುವಾಗ ಅದರ ಮೈಮೇಲಿನ ಲೇಪ ಕೆರೆದಿದ್ದೆ, ಅಲ್ಲೇ ಬೆಂಕಿ ಕಂಡಿತು. ಸೀಳಿನೊಳಗೆ ದಪ್ಪ ಕಾಗದ ಹಾಸಬೇಕೆಂದು ಆಗ ತಿಳಿಯಿತು. ಅದರ ನಂತರದ್ದು ತಿರುಗಿತು. ಕುಣಿಯುವಷ್ಟು ಸಂತೋಷದಿಂದ ಅದನ್ನು ಪಂಪಿಗೆ ಕೂರಿಸಿ ಸಂಗವ್ವನನ್ನೂ ಓಣಿಯ ನಾಲ್ಕು ಹೆಂಗಸರನ್ನೂ ಕೈಸನ್ನೆಯಲ್ಲಿ ಕರೆದೆ. ಮೋಟರ್ ಗುಂಯ್ ಎಂದಿತು, ಕೊಳವೆ ಮಾತ್ರ ಎಲೆಯಡಿಕೆ ಉಗುಳಿದ ಹಾಗೆ ಒಂದಿಷ್ಟು ನೀರು ಉಗುಳಿ ಸುಮ್ಮನಾಯಿತು. ಉಲ್ಟಾ ತಿರುಗುತ್ತಿತ್ತು.

“ನಮ್ಮಕ್ಕ ನೀರ್ನ ವಾಪಸ್ ಬಾವಿಗೇ ಕಳಿಸಾಕ ಕಲ್ತಾಳ ನೋಡ್ರೆವಾ!” ಅಂದಳು ಸಂಗವ್ವ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ನಾನು ಮೌನ, ತಿರುಗಿ ಬೈಯುವ ಹಾಗೂ ಇಲ್ಲ. ಮೋಟರಿಗೆ ಕರೆಂಟು ತರುವ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಸಾಕಿತ್ತು ಎಂದು ಗೊತ್ತಾಗಲು ನನಗೆ ಮತ್ತೆರಡು ಏಕಾದಶಿ ಬೇಕಾದವು. ಈಗ ನೀರುಮನೆಯಲ್ಲಿ ಓಡುತ್ತಿರುವುದು ನಾನು ಸುತ್ತಿದ ಮೋಟರ್. ಮೇಲಿನ ಓಣಿಗೆ ನೀರು ಹತ್ತುತ್ತಿದೆ. ಕೈಗೆ ಬಂದ ಈ ಕೆಲಸ ಕಿವಿಗುರು ತೆಗೆದಿಟ್ಟರೂ ಕೈಯಲ್ಲೇ ಇರುತ್ತದೆ. ಸುಟ್ಟ ವಾಸನೆ ಬಂದರೆ ಎಲ್ಲಿ ಎಂದು ಮೂಗಿಗೆ ಗೊತ್ತಾಗುತ್ತದೆ. ಬೇರೆ ಊರಿನ ಮೋಟರ್ ತಂದಿಟ್ಟರೆ ಹೆದರಿಕೆ ಆಗುವುದಿಲ್ಲ, ನೋಡೋಣ ಅನಿಸುತ್ತದೆ. ಈ ನೋಡೋಣ ಅನ್ನುವುದು ನನಗೆ ಮೊದಲು ಇರಲಿಲ್ಲ.

ಈಗ ಕಷ್ಟಕ್ಕೆ ಬರುತ್ತೇನೆ. ಐವತ್ತು ತುಂಬಿದವರಿಗೆ ಮಂಡಳಿ ಹೊಸದಾಗಿ ಕೆಲಸ ಹಂಚುತ್ತದೆ. ನನಗೆ ಬಂದಿರುವುದು ಬೀಜಮನೆ. ನೆರಳಲ್ಲಿ ಕೂತು ಕಾಳು ಆರಿಸುವುದು. ನಾನು ಮೋಟರ್ ಸುತ್ತುವ ಕೆಲಸವನ್ನೇ ನನ್ನ ಕಾಯಕವೆಂದು ಬರೆಸಿ ಎಂದು ಕೇಳಿದೆ. ಮಂಡಳಿಯ ಮಲಕಾಜಪ್ಪನವರು ಒಳ್ಳೆಯ ಮನುಷ್ಯ. ತಾವೇ ಬಂದು ಪಂಪು ನೋಡಿ, ನೀರು ಕುಡಿದು, ತಲೆ ಕೆರೆದುಕೊಂಡರು.

“ಅಕ್ಕಾರ, ಮೋಟರ್ ತಿರಗತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ಕಲಿಸಿದವರು ಯಾರು ಅಂತ ಬರೀಲಿ?”

“ಯಾರೂ ಇಲ್ಲರಿ. ಕೆಡಿಸಿ ಕೆಡಿಸಿ ಕಲ್ತೀನಿ.”

“ಹಂಗ ಬರಿಯಾಕ ಬರೂದಿಲ್ಲರಿ. ಕಿವಿಗುರು ಅಂತ ಹಾಕಲೇನು?”

“ಸುಳ್ಳ ಆಗತೈತಿ.”

“ಹಂಗಾರ ವಿಠ್ಠಲ ಕಲಿಸಿದ ಅಂತ ಹಾಕ್ರಿ,” ಅಂದಳು ಬಾಗಿಲಲ್ಲಿ ನಿಂತಿದ್ದ ಸಂಗವ್ವ, “ಅವಾ ಏನು ಕೇಳಾಕ ಬರ್ತಾನ?”

ದೇವರ ಹೆಸರಿನಲ್ಲಿ ಸುಳ್ಳು ಬೇಡ ಅಂದೆ. ಕೈ ಕೊಟ್ಟವನು ಅವನು, ನಿಜ. ಆದರೆ ತಂತಿ ಸುಟ್ಟವಳು ನಾನು, ಅದನ್ನು ಅವನ ಲೆಕ್ಕಕ್ಕೆ ಯಾಕೆ ಹಾಕಲಿ? ಮಲಕಾಜಪ್ಪನವರು ಒಂದು ದಾರಿ ಹೇಳಿದರು. “ಹಿಂದಕ ಯಾರರೆ ಹಿಂಗ ತಾವಾ ಕಲ್ತು, ಅದರ ಮ್ಯಾಲ ಸಂಸಾರ ನಡಿಸಿದ್ದಕ್ಕ ಒಂದು ಸಾಕ್ಷಿ ತಂದು ಕೊಡ್ರಿ. ಮಂಡಳಿ ಒಪ್ಪತೈತಿ. ಹುಣ್ಣಿವಿ ತನಕ ತಡೀತೀನಿ.” ಹುಣ್ಣಿಮೆ ದಾಟಿದರೆ ಕೊಟ್ಟಿಗೆಗೆ ಬೀಗ. ನಾನು ಬೀಜಮನೆಯ ಚಾಪೆ ಮೇಲೆ. ಕಾಳು ಆರಿಸುವುದು ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಇಷ್ಟು ವರ್ಷಕ್ಕೆ ನನ್ನದೆನ್ನುವ ಒಂದು ಕೆಲಸ ಸಿಕ್ಕಿತು, ಅದನ್ನು ಬಿಟ್ಟು ಏಳಲು ಮನಸ್ಸಿಲ್ಲ.

ಇಲ್ಲಿ ಯಾರನ್ನು ಕೇಳಿದರೂ ಅಂಥವರು ಗೊತ್ತಿಲ್ಲ ಅನ್ನುತ್ತಾರೆ. ಆದರೆ ಕಿವಿಗುರು ಬರುವ ಮೊದಲು ಅಂಗಡಿ ಬಾಗಿಲಲ್ಲಿ ನಿಂತು ನೋಡಿಯೇ ಕಲಿತವರು, ಹಳೆಯ ಬಟ್ಟೆ ಬಿಚ್ಚಿ ಹೊಲಿಗೆ ಕಲಿತವರು, ಕೈಯಲ್ಲಿನ ಫೋನಿನಲ್ಲಿ ನೋಡಿ ನೋಡಿ, ನಿಲ್ಲಿಸಿ, ಮತ್ತೆ ನೋಡಿ ಕೆಲಸ ಕಲಿತವರು ನಿಮ್ಮ ಕಾಲದಲ್ಲಿ ಇದ್ದರೆಂದು ಅಜ್ಜಿಯರ ಬಾಯಲ್ಲಿ ಕೇಳಿದ್ದೇನೆ. ಅದು ನೀವೇ ಇರಬಹುದು. ಈ ಸಾಲು ಓದುತ್ತಿರುವ ನಿಮಗೆ ಯಾರೂ ಕಲಿಸದೆ ಬಂದ ಒಂದು ಕೆಲಸ ಇದ್ದೇ ಇರುತ್ತದೆ. ಅದನ್ನು ಹೇಳಿಕೊಳ್ಳುವಂಥದ್ದಲ್ಲ ಎಂದು ನೀವು ಬಿಟ್ಟಿರಬಹುದು. ನನಗೆ ಅದೇ ಬೇಕು.

ದೊಡ್ಡ ಮಾತು ಬೇಡ. ಏನು ಕಲಿತಿರಿ, ಮೊದಲು ಏನು ಕೆಡಿಸಿದಿರಿ, ಯಾರು ನಕ್ಕರು, ಆಮೇಲೆ ಅದರಿಂದ ಮನೆ ನಡೆಯಿತೇ, ಇಷ್ಟು ಬರೆದು ಕೆಳಗೆ ಹೆಸರು ಹಾಕಿ. ಅದನ್ನು ತಾಮ್ರದ ಕೊಳವೆಯಲ್ಲಿಟ್ಟು ಬಾಯಿಗೆ ಮೇಣ ಹಚ್ಚಿ. ಸುಣಗಟ್ಟಿಯ ಮೆಟ್ಟಿಲು ಬಾವಿ ನಿಮ್ಮ ಕಾಲದಲ್ಲೂ ಇದೆ. ಇಳಿಯುವಾಗ ಬಲಕ್ಕೆ ದೀಪ ಇಡುವ ಕಲ್ಲಿನ ಗೂಡು ಸಿಗುತ್ತದೆ. ಕೊಳವೆಯನ್ನು ಅದರ ಒಳಗಿನ ಸಂದಿಗೆ ತಳ್ಳಿ, ಒಂದು ಕಲ್ಲು ಅಡ್ಡ ಇಡಿ. ನಮ್ಮಿಂದ ನಿಮಗೆ ಓಲೆ ಹಿಂದಕ್ಕೆ ಬರಬೇಕು, ನಿಮ್ಮ ಉತ್ತರಕ್ಕೆ ಆ ತೊಂದರೆಯಿಲ್ಲ. ಇದ್ದಲ್ಲೇ ಇದ್ದು, ದಿನದ ಮೇಲೆ ದಿನ ಕಳೆದು, ತಾನಾಗಿ ನನ್ನ ಹತ್ತಿರ ಬರುತ್ತದೆ. ನೀವು ಬರೆದಿದ್ದರೆ ಅದು ಈ ಗಳಿಗೆಯಲ್ಲೂ ಅಲ್ಲಿ ಕೂತಿದೆ. ಬರೆಯದಿದ್ದರೆ ಗೂಡು ಖಾಲಿ. ಅದಕ್ಕೇ ನಾನೇ ಹೋಗಿ ನೋಡುವ ಧೈರ್ಯ ಮಾಡಿಲ್ಲ. ಈ ಓಲೆಯನ್ನು ಪೇಟೆಗೆ ಒಯ್ಯುವವಳು ಸಂಗವ್ವ. ದಾರಿಯಲ್ಲಿ ಬಿಡಿಸಿ ಓದದೆ ಇರುವವಳಲ್ಲ, ಹಾಗಾಗಿ ಅವಳಿಗೂ ಎರಡು ಮಾತು ಇಲ್ಲೇ.

ಸಂಗವ್ವಾ, ಓಲಿ ಕೊಟ್ಟ ಮ್ಯಾಲ ಸೀದಾ ಮನಿಗೆ ಬರಬ್ಯಾಡ. ಬಾವಿಗೆ ಇಳಿ, ಗೂಡಿನ್ಯಾಗ ಮೊಣಕೈ ತನಕ ಕೈ ಹಾಕು. ನನಗ ಬಂದ ಉತ್ತರ ತಗೊಂಡು ಬಾರವಾ.